ಆಂಜಿನಮ್ಮನ ಮೂಗು ತೆರೆಯಿತು

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಬೀದಿಗೆ ಹೊಸಬರು ಬಂದರೆ ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ. ಗೂಡು ಬೇಯಿಸುವ ವಾಸನೆ ಅಂಥದ್ದು. ಅಲ್ಲೇ ದುಡಿಯುವವರಿಗೆ ಅದು ರೂಢಿಯಾಗಿರುತ್ತದೆ. ತನಗೂ ಹಾಗೇ ಆಗಿದೆ ಎಂದು ಆಂಜಿನಮ್ಮ ನಂಬಿದ್ದಳು. ಆದರೆ ಆಕೆಗೆ ಗೂಡಿನ ವಾಸನೆ ಮಾತ್ರವಲ್ಲ, ಒಗ್ಗರಣೆಯ ಘಮವೂ ಗೊತ್ತಾಗುತ್ತಿರಲಿಲ್ಲ. ವರ್ಷದಿಂದ ಮೂಗು ಕಟ್ಟಿತ್ತು. ಗಂಟಲಿಗೆ ಗಟ್ಟಿ ಸಿಂಬಳ ಇಳಿಯುತ್ತಿತ್ತು. ಬಗ್ಗಿದರೆ ಕೆನ್ನೆ, ಹಣೆ ಭಾರ.

"ಗೂಡಿನ ವಾಸ್ನೆ ಕುಡ್ದು ಕುಡ್ದು ಮೂಗು ಮೊಂಡಾಗೋಗೈತೆ. ಅಷ್ಟಕ್ಕೆ ಡಾಕ್ಟ್ರು ಯಾಕೆ?" ಎನ್ನುತ್ತಿದ್ದ ಗಂಡ ಮುನಿಶಾಮಿ. ಮೆಡಿಕಲ್ ಸ್ಟೋರಿನಿಂದ ಮೂಗಿನ ಡ್ರಾಪ್ಸ್ ತಂದುಕೊಟ್ಟು ತಾನೇ ಡಾಕ್ಟರಾಗಿದ್ದ.

ಅವರ ಮಗಳು ಹರಿಣಿ ಎಂಟು ತಿಂಗಳ ಕೂಸಿನೊಂದಿಗೆ ತವರಿನಲ್ಲಿದ್ದಳು. ಮುಂದಿನ ತಿಂಗಳಿಂದ ಚಿಂತಾಮಣಿಯ ಲ್ಯಾಬ್ ಕೆಲಸಕ್ಕೆ ಮತ್ತೆ ಹೋಗಬೇಕು. ಹಗಲು ಕೂಸನ್ನು ನೋಡಿಕೊಳ್ಳುವವಳು ಆಂಜಿನಮ್ಮನೇ. ಆ ಯೋಚನೆಯಲ್ಲೇ ಅವಳು ಹಿಗ್ಗಿಹೋಗಿದ್ದಳು.

ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿತು. ಹಿತ್ತಲಲ್ಲಿದ್ದ ಆಂಜಿನಮ್ಮ ಒಳಗೆ ಬಂದು, ಮತ್ತೆ ಹಚ್ಚೋಣವೆಂದು ಬೆಂಕಿಪೊಟ್ಟಣ ತೆಗೆದುಕೊಂಡಳು. ಅದೇ ಹೊತ್ತಿಗೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ವರಲಕ್ಷ್ಮಿ ಬಾಗಿಲಿನಿಂದಲೇ ಕೂಗಿದಳು.

"ಅಕ್ಕಾ, ಕಡ್ಡಿ ಗೀರಬೇಡ! ಮನೆಯೆಲ್ಲ ಗ್ಯಾಸು!"

ವರಲಕ್ಷ್ಮಿ ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿಗಳನ್ನು ತೆರೆದಳು. ಲೈಟಿನ ಸ್ವಿಚ್ ಮುಟ್ಟಲಿಲ್ಲ. ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದ ಹರಿಣಿ ಕೂಗು ಕೇಳಿ ಬಂದು, ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿದಳು.

ಆಮೇಲೆ ಜಗುಲಿಯ ಮೇಲೆ ಕುಳಿತು ಹರಿಣಿ ಮೆಲ್ಲಗೆ ಹೇಳಿದಳು: "ತಪ್ಪು ತಿಳ್ಕೋಬೇಡಮ್ಮ. ನಿನ್ನೊಬ್ಬಳ ಹತ್ರ ಕೂಸು ಬಿಟ್ಟೋಗಕ್ಕೆ ನಂಗೆ ಭಯ ಆಗುತ್ತೆ."

ಆಂಜಿನಮ್ಮನಿಗೆ ಅಳು ಬಂತು. ಮುನಿಶಾಮಿ, "ಏಮೀ ಲೇದು, ಏನೂ ಇಲ್ಲ ಬಿಡಮ್ಮ, ಗೂಡಿನ ಕೆಲ್ಸದೋರಿಗೆಲ್ಲ ಇದು ಇದ್ದದ್ದೇ" ಎಂದ.

"ನೀನೂ ಅಲ್ಲೇ ಅಲ್ವೇನಣ್ಣ ಕೆಲ್ಸ ಮಾಡೋದು?" ವರಲಕ್ಷ್ಮಿ ಬಿಡಲಿಲ್ಲ. "ಆಚೆ ಬೀದೀಲಿ ಮೀನು ಹುರಿದ್ರೆ ಇಲ್ಲಿಂದ ಎದ್ದೋಗ್ತೀಯ. ನಿನ್ ಮೂಗು ಯಾಕೆ ಮೊಂಡಾಗಿಲ್ಲ? ನಮ್ಮ ತಮ್ಮಂಗೂ ಹಿಂಗೇ ಇತ್ತು. ಸೈನಸ್ ಅಂತ ಔಷಧಿ ಕೊಟ್ರು. ನಾಳೆನೇ ಹೋಗಣ ನಡೀರಿ."

ಮರುದಿನ ಗಂಡ, ಮಗಳು ಇಬ್ಬರೂ ಆಂಜಿನಮ್ಮನ ಜೊತೆ ಹೊರಟರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಶಿರೀಷಾ ಸಣ್ಣ ಕ್ಯಾಮೆರಾ ಇಟ್ಟು ಮೂಗಿನೊಳಗೆ ನೋಡಿದರು.

"ನೋಡಮ್ಮ, ಕೆನ್ನೆ, ಹಣೆ ಮೂಳೆಯೊಳಗೆ ಗಾಳಿ ಆಡೋ ಪೊಳ್ಳು ಜಾಗಗಳಿವೆ. ಅವೇ ಸೈನಸ್. ಒಳಪದರ ಊದ್ಕೊಂಡು ದಾರಿ ಮುಚ್ಚಿದ್ರೆ ಸಿಂಬಳ ಒಳಗೇ ನಿಲ್ಲುತ್ತೆ, ವಾಸನೇನೂ ತಿಳಿಯಲ್ಲ. ಮೂರು ತಿಂಗಳಾದ್ರೂ ಹೋಗದಿದ್ರೆ ಅದು ಬರೀ ನೆಗಡಿಯಲ್ಲ, ಹಳೇ ಸೈನಸ್ ಊತ."

ಮುನಿಶಾಮಿ ಹೆಮ್ಮೆಯಿಂದ ಡ್ರಾಪ್ಸ್ ಬಾಟ್ಲಿ ತೋರಿಸಿದ. "ಉಗಾದಿಯಿಂದ ಬಿಡದಂಗೆ ಹಾಕ್ತಾ ಇದೀವಿ ಮೇಡಂ."

"ಅಯ್ಯೋ, ಇದನ್ನ ಮೂರ್ನಾಲ್ಕು ದಿನ ಮೀರಿ ಹಾಕಿದ್ರೆ ಇದೇ ಮೂಗು ಕಟ್ಟಿಸುತ್ತೆ!"

ಮುನಿಶಾಮಿ ಬಾಟ್ಲಿಯನ್ನು ಜೇಬಿಗೆ ಇಳಿಸಿ ಗೋಡೆ ನೋಡತೊಡಗಿದ.

"ಆಪರೇಷನ್ ಮಾಡ್ತೀರಾ?" ಆಂಜಿನಮ್ಮ ಹೆದರಿ ಕೇಳಿದಳು.

"ಈಗ ಬೇಡಮ್ಮ. ಔಷಧಿಗೆ ಬಗ್ಗದಿದ್ರೆ, ದುರ್ಮಾಂಸ ಬೆಳೆದು ದಾರಿ ಮುಚ್ಚಿದ್ರೆ ಆಗ ನೋಡಣ. ದಿನಾ ಉಪ್ಪುನೀರಲ್ಲಿ ಮೂಗು ತೊಳೀಬೇಕು. ನಲ್ಲಿ ನೀರು ಹಂಗೇ ಹಾಕಬಾರದು, ಕುದಿಸಿ ಆರಿಸಿದ್ದೇ ಆಗಬೇಕು. ಆಮೇಲೆ ಈ ಸ್ಪ್ರೇ. ಇವತ್ತು ಹಾಕಿ ನಾಳೆ ಗುಣ ಕೇಳಬೇಡ, ವಾರಗಟ್ಟಲೆ ಹಿಡಿಯುತ್ತೆ. ಹೊಗೆ, ಧೂಳು ದೂರ ಇರಲಿ. ಮನೇಲಿ ಬೀಡಿ ಸೇದಬಾರದು."

"ಇವತ್ತಿಂದಲೇ ಬಿಟ್ಟೆ" ಎಂದು ಮುನಿಶಾಮಿ ಮಗಳ ತಲೆ ಮೇಲೆ ಕೈಯಿಟ್ಟ.

ಮೊದಲ ದಿನ ಉಪ್ಪುನೀರು ಮೂಗಿಗೆ ಹೋಗಿ ಬಾಯಲ್ಲಿ ಬಂತು. ಆಂಜಿನಮ್ಮ ಕೆಮ್ಮಿ ಕೆಮ್ಮಿ ಸಾಕಾದಳು. ಎರಡು ವಾರವಾದರೂ ವಾಸನೆ ಬರದಿದ್ದಾಗ ಸ್ಪ್ರೇ ಮೂಲೆಗೆಸೆದಳು. ವರಲಕ್ಷ್ಮಿ ಅದನ್ನೆತ್ತಿ ಮತ್ತೆ ಕೈಗಿಟ್ಟಳು. "ನಮ್ಮ ತಮ್ಮನೂ ಹಿಂಗೇ ಎಸೆದಿದ್ದ. ಇನ್ನೂ ಸ್ವಲ್ಪ ದಿನ ಹಾಕು ಕಣಕ್ಕ, ಕೂಸಿಗೋಸ್ಕರ." ಆಂಜಿನಮ್ಮ ಅಂದು ರಾತ್ರಿಯೇ ಮತ್ತೆ ಸ್ಪ್ರೇ ಹಾಕಿಕೊಂಡಳು. ನಿಧಾನವಾಗಿ ಮುಖದ ಭಾರ ಇಳಿಯಿತು. ರಾತ್ರಿ ಬಾಯಿ ಮುಚ್ಚಿ ಮಲಗುವಂತಾಯಿತು.

ಒಂದು ಸಂಜೆ ಮುನಿಶಾಮಿ ಕೆಲಸದಿಂದ ಬಂದು ಮೊಮ್ಮಗುವಿಗೆ ಮುತ್ತು ಕೊಡಲು ತೊಟ್ಟಿಲಿಗೆ ಬಗ್ಗಿದ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಆಂಜಿನಮ್ಮ ತಟ್ಟನೆ ತಲೆ ಎತ್ತಿದಳು. ಮೂಗು ಅರಳಿಸಿದಳು.

"ಏಯ್, ಬೀಡಿ ಸೇದ್ಕೊಂಡು ಕೂಸಿನ ಹತ್ರ ಬರ್ತೀಯಾ? ಅದೂ ಮಗಳ ತಲೆ ಮುಟ್ಟಿ ಆಣೆ ಮಾಡಿ! ನಡಿ ಆಚೆ, ಬಾಯಿ ತೊಳ್ಕೊಂಡು ಬಾ!"

"ನಿಂಗ್ ಹೆಂಗ್ ಗೊತ್ತಾಯ್ತೇ?" ಎಂದ ಮುನಿಶಾಮಿ, ಸಿಕ್ಕಿಬಿದ್ದ ಗಾಬರಿಯಲ್ಲಿ. ಆಮೇಲೆ ಅವನಿಗೂ ಹೊಳೆಯಿತು. ಬೈಸಿಕೊಂಡ ಮನುಷ್ಯನ ಮುಖದಲ್ಲಿ ಅಷ್ಟು ಸಂತೋಷವನ್ನು ಆ ಬೀದಿ ಎಂದೂ ಕಂಡಿರಲಿಕ್ಕಿಲ್ಲ.

ಹರಿಣಿ ನಗುತ್ತಾ ಬಂದು ಕೂಸನ್ನು ಎತ್ತಿ ಅಮ್ಮನ ಮಡಿಲಿಗೆ ಹಾಕಿದಳು. "ಸೋಮವಾರದಿಂದ ಡ್ಯೂಟಿಗೆ ಹೋಗ್ತೀನಮ್ಮ. ಇವಳು ನಿನ್ ಹತ್ರಾನೇ ಇರ್ತಾಳೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ಮೂಗು ಕಟ್ಟಿ, ವಾಸನೆ ತಿಳಿಯದೆ ಒದ್ದಾಡುವವರು ಇದ್ದಾರೆಯೇ? ಕೆಲಸದ ರೂಢಿ ಎಂದು ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ, ಕೊಟ್ಟ ಔಷಧಿಯನ್ನು ನಡುವೆ ಬಿಡಬೇಡಿ. ಕಣ್ಣಿನ ಸುತ್ತ ಊದಿಕೊಂಡರೆ, ದೃಷ್ಟಿ ಮಂಜಾದರೆ, ಜೋರು ಜ್ವರದೊಂದಿಗೆ ತಡೆಯಲಾರದ ತಲೆನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಇದನ್ನು ಓದಿ ಮುಗಿಸಿದ ಮೇಲೆ ಮನೆಯವರನ್ನು ಒಂದು ಮಾತು ಕೇಳಿ: ಒಲೆಯ ಮೇಲಿನ ಸಾರಿನ ಘಮ ನಿಮಗೆ ತಿಳಿಯುತ್ತಿದೆಯೇ?