ಕುರ್ಚಿಯ ಮೇಲಿನ ಕೋಟು

ಡಬ್ಬಿಯ ಬಾಯಿ ಬಿಸಿಲಿಗೆ ಕಾದಿದೆ, ಕಾಗದ ಹಾಕಲು ಹೋದ ಬೆರಳು ಚುರ್ ಅಂತು, ಹೊಸ ಕೆಂಪು ಬಣ್ಣ, ಈ ರಾಜಾಜಿನಗರದಲ್ಲಿ ಮನೆಗಳಿಗಿಂತ ಮೊದಲು ಅಂಚೆ ಡಬ್ಬಿ ಬಂದು ನಿಂತಿದೆ, ಎದುರಿಗೆಲ್ಲ ಸೈಟಿನ ಕಲ್ಲುಗಳು, ಕೆಮ್ಮಣ್ಣು, ಹೋದ ವರ್ಷದ ಹುರುಳಿಯ ಕೂಳೆ, ಅದರ ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಕಂದು ಕೋಟು — ಇಲ್ಲ, ಗಾರೆಯವರು ಬಿಟ್ಟುಹೋದ ಗೋಣಿಚೀಲ ಅದು, ಕೋಟು ಇರುವುದು ವಿಯೆನ್ನಾದಲ್ಲಿ, ತುಂಗಾ ಅವರ ಮೇಜಿನ ಪಕ್ಕ, ನಾನು ನೋಡದ ಕೋಣೆಯಲ್ಲಿ. ನೋಡದ ಕೋಣೆ, ನೋಡದ ಮುಖ, ನೋಡಿರುವುದು ಅಕ್ಷರ ಮಾತ್ರ, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದು ಕನ್ನಡದಲ್ಲಿ ಕಥೆ ಬರೆಯುವ ಕೈಯ ದುಂಡನೆಯ ಅಕ್ಷರ, ಕೈರೋದ ನಮ್ಮ ರಾಯಭಾರ ಕಚೇರಿಯಲ್ಲಿ ಯಾವುದೋ ಹಳೇ ಮಾಸಪತ್ರಿಕೆಯಲ್ಲಿ ಒಂದು ಕಥೆ ಓದಿ ನಾನೇ ಮೊದಲು ಬರೆದೆ, ಆಮೇಲೆ ನಿಲ್ಲಲಿಲ್ಲ, ಕಾಗದದಲ್ಲಿ ಅವರಿಗೆ ಎಲ್ಲರ ದನಿ ಮಾಡಿ ತೋರಿಸಿದ್ದೇನೆ, ನಮ್ಮ ಸಾಹೇಬರು ಕೆಮ್ಮುತ್ತ ಆಳುವುದು, ಮಿಸ್ಟರ್ ಚಕ್ರಪಾಣಿ, ಹ್ಮ್ಹ್, ವಿಷಯ ಗಂಭೀರ, ಹ್ಮ್ಹ್, ಮಾಗಡಿ ರಸ್ತೆ ಬಸ್ಸಿನ ಕಂಡಕ್ಟರು, ಒಳಗ್ ಹೋಗಿ ಯಜಮಾನ್ರೇ, ಒಳಗೆ ಬಂಗಲೇನೇ ಖಾಲಿ ಇದೆ, ರಾಯಭಾರದಲ್ಲಿ ರಾಯರು ಸಾಹೇಬರು, ಭಾರ ನನ್ನದು ಅಂತ ಬರೆದಾಗ ತುಂಗಾ ಉತ್ತರ, ನಾನು ನಕ್ಕ ಸದ್ದಿಗೆ ಪಕ್ಕದ ಮನೆಯಾಕೆ ಗೋಡೆ ಬಡಿದಳು, ಅಲ್ರೀ, ನಿಮ್ಮ ಕಾಗದದಲ್ಲಿ ಎಲ್ಲರೂ ಮಾತಾಡ್ತಾರೆ, ನಿಮ್ಮ ಸರದಿ ಯಾವಾಗ.

ಸರದಿ ಬಂದಿತ್ತು, ನನಗೇ ತಿಳಿಯಲಿಲ್ಲ. ತುಂಗಾ ಕಾಗದ, ಇಲ್ಲಿ ಎರಡು ಕುರ್ಚಿ ಇವೆ, ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಕೋಟು, ದೀಪ ಹಾಕುವ ಮುಂಚೆ ಯಾರೋ ಕೂತ ಹಾಗಿರುತ್ತೆ, ಬೆಂಗಳೂರಿಗೇ ಬಂದುಬಿಟ್ಟರೆ ಈ ಕೋಟನ್ನು ಏನು ಮಾಡಲಿ — ಹೀಗೆ ಬರೆದಿದ್ದರು, ಪ್ರಶ್ನೆ ಬಂದ ಮೇಲೆ ಉತ್ತರ ಕೊಡಬೇಕಲ್ಲ, ಕಚೇರಿಯ ಅಭ್ಯಾಸ, ಕೊಟ್ಟೆ, ಬೆಂಗಳೂರಿನ ಚಳಿ ಸೌಮ್ಯ, ದಪ್ಪ ಉಣ್ಣೆ ಅನಗತ್ಯ, ತರುವುದಾದರೆ ನುಸಿಗುಳಿಗೆ ಸಹಿತ, ಅಂತಿಮ ನಿರ್ಧಾರ ತಮಗೆ ಬಿಟ್ಟದ್ದು, ಅದಕ್ಕೊಂದು ನಕಲು ತೆಗೆದು ಕಡತಕ್ಕೆ ಬೇರೆ ಸೇರಿಸಿದೆ. ನಿನ್ನೆ ಅವರ ಉತ್ತರ, ಕೈರೋದಿಂದ ನಾನು ರಜೆಗೆ ಬಂದಿರುವ ಇಲ್ಲಿಯ ಅಕ್ಕನ ಮನೆ ವಿಳಾಸಕ್ಕೇ, ಮಾಹಿತಿಗಾಗಿ ಕೃತಜ್ಞತೆಗಳು, ಹಾಲೆಂಡಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಒಪ್ಪಿಗೆ ತಿಳಿಸಬೇಕು, ಅಲ್ಲೂ ಚಳಿ ಇದೆಯಂತೆ, ಕೋಟು ಉಪಯೋಗಕ್ಕೆ ಬರುತ್ತೆ. ಅಕ್ಕ ಸತ್ಯವತಿ ಅವರೆಕಾಯಿ ಸುಲಿಯುತ್ತ, ಇನ್ನೊಂದ್ಸಲ ಓದು ಅಂದಳು, ಓದಿದೆ, ಅವರ ಪ್ರಶ್ನೆ, ನನ್ನ ಉತ್ತರ ಎಲ್ಲ ಹೇಳಿದೆ, ಸಿಪ್ಪೆ ನನ್ನ ಕಾಲ ಮೇಲೆ ಎಸೆದಳು, ಅವಳು ಕೋಟಿನ ವಿಷಯ ಕೇಳಿದ್ಳೇನೋ ಪೆದ್ದ, ಬಾ ಅಂತೀಯಾ ಅಂತ ಕೇಳಿದ್ಳು ಕಣೋ, ನೀನು ನುಸಿಗುಳಿಗೆ ಲೆಕ್ಕ ಒಪ್ಪಿಸಿದೀಯ, ನಿಮ್ಮಂಥೋರನ್ನ ಇಟ್ಕೊಂಡು ದೇಶ ಹೇಗಪ್ಪ ನಡೀತಿದೆ. ರಾತ್ರಿಯೇ ಬರೆಯಲು ಕೂತೆ, ತಮ್ಮ ಆಗಮನವನ್ನು ಸ್ವಾಗತಿಸಲಾಗುವುದು — ಹ್ಮ್ಹ್, ಸಾಹೇಬರು, ಹರಿದೆ, ಬಂದ್ಬಿಡಿ, ಜಾಗ ಬೇಕಾದಷ್ಟಿದೆ — ಕಂಡಕ್ಟರು, ಹರಿದೆ, ಬಾರೇ ತಾಯಿ ಸಾಕು ಪರದೇಶ — ಅಕ್ಕ, ಎಲ್ಲರೂ ಬಂದು ಹೋದರು, ಗಂಟಲಿನಲ್ಲಿ ನನ್ನದು ಅಂತ ಯಾವ ದನಿಯಿತ್ತು, ಹುಡುಕುತ್ತ ಹುಡುಕುತ್ತ ಕೊನೆಗೆ ಒಂದು ಸಾಲು, ಕೋಟು ಅಲ್ಲೇ ಇರಲಿ, ನೀವು ಬನ್ನಿ, ನಾನು ಕಾಯುತ್ತೇನೆ, ಅದನ್ನು ಜೋರಾಗಿ ಓದಿಕೊಂಡರೆ ಯಾರ ಹಾಗೂ ಕೇಳಿಸಲಿಲ್ಲ, ಅದಕ್ಕೇ ಭಯ. ಈಗ ಡಬ್ಬಿಯ ಹತ್ತಿರ ಸೈಕಲ್ಲು, ಬೀಗದ ಕೈ ಗೊಂಚಲು, ಅಂಚೆಯ ಮರಿಯಪ್ಪ, ಏನ್ ಸಾರ್, ಹಾಕ್ತೀರೋ ಇಲ್ಲ ಡಬ್ಬಿಗೆ ಕಾವಲು ನಿಂತಿದೀರೋ, ಇವತ್ತು ಬಿಟ್ರೆ ಸೋಮವಾರವೇ — ಕಾಗದ ಅವನ ಕೈಗೇ ಕೊಟ್ಟೆ, ಕೊಟ್ಟೆನೇ, ಬೆರಳಲ್ಲಿ ಈಗ ಏನೂ ಇಲ್ಲ, ಚೀಲದ ಬಾಯಿ ಕಟ್ಟಿ ಅವನು ಆಗಲೇ ತಿರುವಿನಲ್ಲಿ, ಕೆಂಪು ಧೂಳು, ಆ ಧೂಳಿನಲ್ಲಿ ವಿಮಾನ, ವಿಯೆನ್ನಾದ ಹಿಮ, ಮೆಟ್ಟಿಲು, ಬಾಗಿಲ ಕೆಳಗೆ ಕಾಗದ ಸರಿದ ಸದ್ದು, ದೀಪ ಹಾಕಿಲ್ಲ, ಒಂದು ಕುರ್ಚಿ ಕತ್ತಲಲ್ಲಿ, ತುಂಗಾ ಕೂತಿದ್ದಾರೋ, ಎದ್ದು ಹೊರಟರೋ ಕಾಣುತ್ತಿಲ್ಲ, ಇನ್ನೊಂದರ ಮೇಲೆ ಕೋಟು, ತೋಳು ಜೋತುಬಿಟ್ಟುಕೊಂಡು, ಕಂದು ಕೋಟು, ಕೋಟು —