ಟ್ಯಾಂಕಿನೊಳಗಿನ ಭಾವಮೈದ

ರಿವಿಟ್ ಮೇಸ್ತ್ರಿಗೂ ಅವರ ಭಾವಮೈದನಿಗೂ ಮಾತು ನಿಂತುಹೋಗಿತ್ತು. ಕಾರಣ ಇಷ್ಟೇ: "ಬಾವ, ಇನ್ನಾದ್ರೂ ಒಂದು ವೆಲ್ಡಿಂಗ್ ಮೆಷಿನ್ ತಗೊಳ್ಳೋಣ" ಎಂದಿದ್ದ ಅವನು. ಮೇಸ್ತ್ರಿ ಮುಖ ಊದಿಸಿಕೊಂಡರು. ಭಾವಮೈದನೇನು ಕಮ್ಮಿಯೇ? ಅವನೂ ಬಾಯಿಗೆ ಬೀಗ ಹಾಕಿಕೊಂಡ.

ಆದರೆ ಕೆಲಸ ನಿಲ್ಲಿಸುವಂತಿರಲಿಲ್ಲ. ತಗಡಿಗೆ ತಗಡು ಸೇರಿಸುವ ರಿವಿಟ್ ಮೊಳೆ ಹೊಡೆಯುವುದು ಒಬ್ಬರಿಂದ ಆಗುವ ಮಾತಲ್ಲ. ಒಬ್ಬ ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಇನ್ನೊಬ್ಬ ಹೊರಗಿನಿಂದ ಬಡಿದು ತಲೆ ಕೂರಿಸಬೇಕು. ಒಳಗಿನಿಂದ ಒಂದು ಟಕ್ ಬಂದರೆ 'ಹೊಡಿ', ಎರಡು ಬಂದರೆ 'ಮುಂದಿನದು'. ಬಾವ ಭಾವಮೈದರ ವ್ಯವಹಾರವೆಲ್ಲ ಈಗ ಇಷ್ಟರಲ್ಲೇ ನಡೆಯುತ್ತಿತ್ತು.

ಆವತ್ತು ಒಂದು ನೀರಿನ ಟ್ಯಾಂಕು. ಭಾವಮೈದ ಒಳಗಿಳಿದ ಮೇಲೆ ಮೇಲಿನ ತಗಡು ಕೂತಿತು. ಟಕ್. ಹೊಡೆದರು. ಟಕ್ ಟಕ್. ಕೊನೆಯ ರಿವಿಟ್ಟೂ ಬಿಗಿದು, ಬೆವರು ಒರೆಸಿಕೊಂಡು, ಮೇಸ್ತ್ರಿ ಸುತ್ತಲೂ ಕಣ್ತುಂಬ ನೋಡಿದರು. ಆಮೇಲೆ ಹೊಳೆಯಿತು: ಮನುಷ್ಯ ಹತ್ತಿ ಇಳಿಯುವಷ್ಟು ಬಾಯಿಯನ್ನು ಆ ತಗಡಿನಲ್ಲಿ ಕತ್ತರಿಸಿರಲೇ ಇಲ್ಲ. ಪ್ರತಿಸಲ ಅದನ್ನು ನೆನಪಿಸುತ್ತಿದ್ದವನು ಭಾವಮೈದ. ಈ ಸಲ ನೆನಪಿಸಬೇಕೆಂದರೆ ಅವನೇ ಮೊದಲು ಮಾತಾಡಬೇಕಿತ್ತಲ್ಲ!

ಅಷ್ಟರಲ್ಲಿ ಹೆಂಡತಿ ಟೀ ತಂದಳು. "ನನ್ನ ತಮ್ಮ ಎಲ್ರೀ?"

ಮೇಸ್ತ್ರಿ ಗಲ್ಲದಲ್ಲೇ ಟ್ಯಾಂಕು ತೋರಿಸಿದರು.

ಅವಳು ಪಕ್ಕದಲ್ಲಿ ನಲ್ಲಿಗೆಂದು ಬಿಟ್ಟಿದ್ದ ತೂತಿಗೆ ಬಾಯಿಟ್ಟಳು. "ಬಾರೋ ಆಚೆ, ಟೀ ಆರ್ತಿದೆ!"

"ಹೆಂಗೆ ಬರ್ಲಿ ಅಕ್ಕ? ಬಾವನ್ನೇ ಕೇಳು."

"ಕೂಗಿದ್ರೆ ಅವನ ಗಂಟು ಹೋಗ್ತಿತ್ತಾ, ಕೇಳು," ಎಂದರು ಮೇಸ್ತ್ರಿ.

"ಬಾವಂಗೆ ಹೇಳಕ್ಕ, ಈ ತೂತು ಬಿಟ್ರೆ ಒಂದು ಸಂದಿಯಿಂದ್ಲೂ ಒಂಚೂರು ಬೆಳಕು ಬರ್ತಿಲ್ಲ. ಕೆಲಸ ಅಂದ್ರೆ ಕೆಲಸ!"

ಮೇಸ್ತ್ರಿಗೆ ಹಾಳು ಸಿಟ್ಟಿನ ನಡುವೆಯೂ ಖುಷಿಯಾಯಿತು. ಹೆಂಡತಿ ಲಾಳಿಕೆಯಿಟ್ಟು ತೂತಿನಿಂದಲೇ ಟೀ ಹೊಯ್ದಳು. ಸಕ್ಕರೆ ಕಮ್ಮಿ ಎಂದು ಒಳಗಿನಿಂದ ದೂರು ಬಂತು.

ಟ್ಯಾಂಕಿನ ಯಜಮಾನ ಬಂದವನೇ, ಸೋರುತ್ತದೋ ನೋಡೋಣವೆಂದು ನೀರಿನ ಪೈಪು ಎಳೆದುಕೊಂಡು ಬಂದ.

"ಸ್ವಲ್ಪ ತಡೀರಿ," ಎಂದು ಮೇಸ್ತ್ರಿ ಅಡ್ಡ ನಿಂತರು. "ಒಳಗೆ ಜನ ಇದಾರೆ."

"ಎಷ್ಟು ಜನ?"

"ಒಬ್ನೇ. ನಮ್ಮ ಬಾಮೈದ."

"ಯಾವಾಗ ಖಾಲಿ ಮಾಡ್ತಾರೆ?"

ಒಳಗಿನಿಂದಲೇ ಒಂದು ಟಕ್ ಬಂತು. ಹೊಡಿ.

ಮೇಸ್ತ್ರಿ ಉಳಿ ತೆಗೆದುಕೊಂಡರು. ತಾವೇ ಕೂರಿಸಿದ ರಿವಿಟ್ಟನ್ನು ತಾವೇ ಕಡಿದದ್ದು ಅವರ ಜನ್ಮದಲ್ಲಿಲ್ಲ. ಒಂದೊಂದು ತಲೆ ಹಾರುವಾಗಲೂ ಮುಖ ತಿರುಗಿಸುತ್ತಿದ್ದರು. ಒಳಗಿನವನು ಮಾತ್ರ ಲೆಕ್ಕ ತಪ್ಪದೆ ಟಕ್ ಟಕ್ ಎನ್ನುತ್ತಿದ್ದ. ಕಡೆಗೆ ತಗಡು ಎದ್ದಿತು. ಟೀಯಲ್ಲಿ ನೆಂದ ತಲೆಯೊಂದು ಹೊರಬಂತು.

"ವೆಲ್ಡಿಂಗ್ ಆಗಿದ್ರೆ ಒಳಗೆ ಯಾರೂ ಇರ್ಬೇಕಾಗಿರ್ಲಿಲ್ಲ, ಬಾವ."

"ಗೊತ್ತು ಕಣೋ. ಎಲ್ಲಾ ಒಬ್ನೇ ಮಾಡ್ಬಹುದು," ಎಂದರು ಮೇಸ್ತ್ರಿ. ಉಳಿ ಕೆಳಗಿಟ್ಟರು. "ಅದಕ್ಕೇ ಬೇಡ ಅಂದಿದ್ದು."

ಭಾವಮೈದ ಕಬ್ಬಿಣದ ತುಂಡು ಹಿಡಿದುಕೊಂಡು ಮತ್ತೆ ಒಳಗಿಳಿದ.

"ಮೊದ್ಲು ಬಾಯಿ ಕತ್ತರಿಸಿ, ಬಾವ," ಎಂದ ಒಳಗಿನಿಂದ.