ದುಂಡು ಮುಖದ ಹೆಂಗಸರು

"ಜ್ವರ ಎಲ್ಲವ್ವಾ? ತೋರ್ಸು. ಸೆರಗಲ್ಲಿ ಗಂಟು ಹಾಕ್ಕಂಡಿದ್ದೀಯಾ?"

ಮೇಸ್ತ್ರಿ ಪ್ರಸೋಂಗ್ ಜ್ವರ ಅಳೆಯುವ ಪಿಸ್ತೂಲನ್ನು ಮಿ ಲವಿಯ ಹಣೆಗೆ ಒತ್ತಿ ಹಿಡಿದಿದ್ದ. ಒತ್ತಬೇಕಾಗಿಲ್ಲ, ದೂರದಿಂದಲೇ ಅಳೆಯುತ್ತದೆ. ಆದರೂ ಅವನು ಒತ್ತುತ್ತಾನೆ. ಪಿಸ್ತೂಲು ಹಿಡಿಯುವ ಭಾಗ್ಯ ಪೊಲೀಸರನ್ನು ಬಿಟ್ಟರೆ ಮಹಾಚಾಯ್ ಊರಿನಲ್ಲಿ ಇವನಿಗೇ ಬಂದಿದ್ದು. ಅದು ಕುಂಯ್ ಎಂದಿತು. ಹಸಿರು ದೀಪ.

"ನೋಡು, ನನ್ ಮೈಗಿಂತ ನಿನ್ ಮೈಯೇ ತಣ್ಣಗದೆ. ಕಳ್ ಮುಂಡೆ, ಕೆಲ್ಸ ತಪ್ಪಿಸ್ಕಳಕೆ ಕೈ ಊದಿಸ್ಕಂಡು ಬಂದವ್ಳೆ."

ಲವಿ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಳು, ಬೇರೆಯವರ ಕೂಸನ್ನು ಎತ್ತಿಕೊಂಡ ಹಾಗೆ. ಸೀಗಡಿಯ ಮೂತಿಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತ್ತು. ಮುಳ್ಳು ಚುಚ್ಚದ ಬೆರಳು ನಮ್ಮ ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಯಾರಿಗೂ ಇಲ್ಲ. ಆದರೆ ಇವಳ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೆಂಪು ಗೆರೆಯೊಂದು ಮೊಣಕೈ ದಾಟಿ ಮೇಲಕ್ಕೆ ಹೊರಟಿತ್ತು.

"ಅಣ್ಣಾ, ಯಂತ್ರ ಬಿಡಿ, ಒಂದ್ಸಲ ಕೈ ನೋಡಿ," ಅಂದೆ. ಲವಿ ನನ್ನ ಗಂಡನ ತಂಗಿ.

"ಕೈ ನೋಡಕೆ ನಾನೇನ್ ಜೋಯಿಸನಾ? ಜ್ವರ ಇದ್ರೆ ಗೇಟು, ಇಲ್ದಿದ್ರೆ ಮೇಜು. ನಡೀರಿ."

ಬಹಳ ಉದಾರವಾದ ಕಾನೂನು. ಮೊದಲು ಜ್ವರ ಬಂದರೂ ಗೇಟು ತೆಗೆಯುತ್ತಿರಲಿಲ್ಲ. ಬರ್ಮಾದಿಂದ ಗಡಿ ದಾಟಿ ಬಂದ ನಮ್ಮೆಲ್ಲರ ಗುರುತಿನ ಕಾರ್ಡುಗಳು ಮೇಸ್ತ್ರಿಯ ಕಪಾಟಿನಲ್ಲಿ ಕ್ಷೇಮವಾಗಿದ್ದವು. ಕಾರ್ಡಿಲ್ಲದೆ ಬೀದಿಗಿಳಿದವಳಿಗೆ ಪೊಲೀಸ್ ಠಾಣೆಯೇ ಆಸ್ಪತ್ರೆ.

ನಮ್ಮ ಆರೋಗ್ಯವನ್ನು ಧಣಿಯಮ್ಮನೇ ಖುದ್ದಾಗಿ ನೋಡಿಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಭಿಕ್ಷುಗಳಿಗೆ ಅನ್ನ ಹಾಕಿ, ಅದೇ ಪುಣ್ಯದ ಕೈಯಲ್ಲಿ ಶೆಡ್ಡಿಗೆ ಬಂದು ಒಬ್ಬೊಬ್ಬಳಿಗೂ ಒಂದೊಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಕೊಡುತ್ತಿದ್ದಳು. ಒಳಗೆ ಬಣ್ಣಬಣ್ಣದ ನಾಲ್ಕೈದು ಮಾತ್ರೆ. ಬೀದಿಯ ಅಂಗಡಿಯಲ್ಲಿ ಬೆರೆಸಿ ಕಟ್ಟಿಕೊಡುವಂಥದ್ದು. ಇದು ಯಾವುದಕ್ಕಮ್ಮಾ ಎಂದು ಕೇಳಿದರೆ, "ಎಲ್ಲಾದಕ್ಕೂ" ಎನ್ನುತ್ತಿದ್ದಳು.

ಸುಳ್ಳಲ್ಲ. ನುಂಗಿದ ಅರ್ಧ ಗಂಟೆಗೆ ಸೊಂಟ ನೋಯುವುದಿಲ್ಲ, ಮಂಜಿನ ನೀರಿನಲ್ಲಿ ಬೆರಳು ಸೆಡೆಯುವುದಿಲ್ಲ. ದೆವ್ವದಂಥ ಹಸಿವು. ತಿಂಗಳು ತುಂಬುವುದರೊಳಗೆ ಎಲ್ಲರ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಯಿತು. ನಮ್ಮೂರು ಮುಡೊನ್‌ನಲ್ಲಿರುವ ನನ್ನ ಅತ್ತೆ ಫೋನಿನಲ್ಲಿ ಮಗಳ ಮುಖ ನೋಡಿ ಆನಂದದಿಂದ ಅತ್ತಳು. "ಮೈ ಕೈ ತುಂಬ್ಕಂಡಿದ್ದೀಯಲ್ಲೇ ನನ್ ಕೂಸೇ! ಆ ಧಣಿಯಮ್ಮ ನೂರು ಕಾಲ ಬಾಳ್ಲಿ." ಲವಿ ಕೆನ್ನೆಗೆ ತನಖಾ ಮರದ ತೊಗಟೆ ತೇಯ್ದು ಹಚ್ಚಿಕೊಂಡು ಇನ್ನೊಂದು ಫೋಟೋ ಕಳಿಸಿದಳು. ಊರಿನ ಹೆಣ್ಣುಮಕ್ಕಳು ಆ ಕೆನ್ನೆ ನೋಡಿಯೇ ಗಡಿ ದಾಟಲು ಹೊರಟರು.

ಮಧ್ಯಾಹ್ನ ಕಕ್ಕಸಿನೊಳಗೆ ಕೂತು, ದೊಡ್ಡಾಸ್ಪತ್ರೆಯಲ್ಲಿ ನಮ್ಮವರ ಮಾತನ್ನು ಡಾಕ್ಟರಿಗೆ ತಿಳಿಸುವ, ನಮ್ಮದೇ ಮೋನ್ ಜನಾಂಗದ ಹುಡುಗಿಗೆ ಫೋನು ಮಾಡಿದೆ. ಕೈಯ ವಿಷಯ ಹೇಳಿದೆ. ಜ್ವರ ಮಾತ್ರ ಇಲ್ಲ ಅಂದೆ.

"ಪೊಟ್ಟಣದ ಮಾತ್ರೆ ತಗಳ್ತಾಳಾ?"

"ಎಲ್ರೂ ತಗಳ್ತೀವಿ."

"ಮುಖ ದುಂಡಗಾಗೈತಾ?"

"ಹೂಂ ಕಣವ್ವ, ಚೆನ್ನಾಗವ್ಳೆ."

"ಚೆನ್ನಾಗಿಲ್ಲ ಅಕ್ಕಾ. ಅದು ಊತ. ಆ ಮಾತ್ರೆ ಜ್ವರನ ಅಮುಕಿ ಮಡಗ್ತದೆ. ಕೀವು ಒಳಗೊಳಗೇ ಮೈಯೆಲ್ಲ ಹರಡ್ತಿರ್ತದೆ, ಹೊರಗಡೆ ಗೊತ್ತಾಗಲ್ಲ. ಈಗಿಂದೀಗ್ಲೇ ಕರ್ಕಂಡು ಬಾ. ಮತ್ತೆ ಇನ್ನೊಂದು, ಮಾತ್ರೆ ಒಂದೇ ಸಲ ನಿಲ್ಲಿಸ್ಬೇಡಿ. ಮೈ ಅದಕ್ಕೇ ಒಗ್ಗೋಗಿರ್ತದೆ. ದಿಢೀರ್ ಅಂತ ನಿಲ್ಲಿಸಿದ್ರೆ ಪ್ರಾಣಕ್ಕೇ ಬರ್ತದೆ."

"ಜ್ವರ ಬರ್ದೆ ಗೇಟ್ ತೆಗೆಯಲ್ಲವಂತೆ ಕಣವ್ವ."

ಡಾಕ್ಟರ ಪುಸ್ತಕದಲ್ಲಿ ಗೇಟಿನ ಪಾಠ ಇರಲಿಕ್ಕಿಲ್ಲ.

ನಮ್ಮ ಸಾಲಿನ ಹಿರಿಯಳು ಮಿ ಪಕಾವ್ ಜ್ವರ ತಯಾರಿಸಲು ಹೊರಟಳು. ಅನ್ನದ ಪಾತ್ರೆಯ ಬಿಸಿಗೆ ಬಟ್ಟೆ ಹಿಡಿದು, ಲವಿಯ ಹಣೆಗೆ ಒತ್ತಿ, ಓಡಿಸಿಕೊಂಡು ಹೋಗಿ ಮೇಸ್ತ್ರಿಯ ಮುಂದೆ ನಿಲ್ಲಿಸಿದಳು. ಪಿಸ್ತೂಲು ಕೆಂಪಾಗಿ ಕಿರುಚಿಕೊಂಡಿತು. ನಲವತ್ತನಾಲ್ಕು.

"ಇಷ್ಟು ಜ್ವರ ಬಂದವ್ರು ನಿಂತ್ಕಳಲ್ಲ ಕಣ್ರೇ, ಹೆಣ ಆಗಿ ಮಲಗಿರ್ತಾರೆ," ಎಂದು ಮೇಸ್ತ್ರಿ ಬಿದ್ದು ಬಿದ್ದು ನಕ್ಕ. ಎಲ್ಲರನ್ನೂ ಕರೆದು ತೋರಿಸಿದ. ನಮಗೂ ನಗು ಬಂತು. ಲವಿಗೂ ಬಂತು. ಆಮೇಲೆ ಎಡಗೈಯಲ್ಲೇ ಸೀಗಡಿ ಸುಲಿಯಲು ಕೂತಳು.

ಮಾರನೆಯ ಬೆಳಿಗ್ಗೆ ಧಣಿಯಮ್ಮ ಪೊಟ್ಟಣ ಕೊಟ್ಟಾಗ ಲವಿ ಕೈಮುಗಿದು ತೆಗೆದುಕೊಂಡಳು. ಧಣಿಯಮ್ಮ ಆ ಕಡೆ ತಿರುಗುತ್ತಲೇ ಇವಳು ಮಾತ್ರೆಗಳನ್ನು ಸಿಪ್ಪೆಯ ಬುಟ್ಟಿಗೆ ಸುರಿದಳು.

"ಬ್ಯಾಡ ಕಣೇ," ಅಂದೆ. "ಆ ಹುಡುಗಿ ಏನಂದ್ಲು? ಪ್ರಾಣಕ್ಕೇ ಬರ್ತದಂತೆ."

"ತಗಂಡ್ರೆ ಕೈ ಕೊಳೀತದೆ, ಬಿಟ್ರೆ ಪ್ರಾಣ ಹೋಯ್ತದೆ. ಇವ್ರಿಗೆ ಜ್ವರ ತಾನೇ ಬೇಕು ಅತ್ತಿಗೆ? ಒಳಗಿರೋದು ಹೊರಗ್ ಬರ್ಲಿ. ಕಣ್ತುಂಬ ನೋಡ್ಲಿ ಬೋಳಿಮಗ."

ಬಂತು. ಅದರ ಮರುದಿನ ಸೂರ್ಯ ಮೇಲೇರುವ ಹೊತ್ತಿಗೆ ಲವಿ ಹಲ್ಲು ಕಟಕಟ ಕಡಿಯುತ್ತಿದ್ದಳು. ಎರಡು ಸಲ ವಾಂತಿ ಮಾಡಿದಳು. ಮೇಲೆ ಏಳಲು ಹೋಗಿ ಮೊಣಕಾಲು ಮಡಿಸಿಕೊಂಡು ಕುಸಿದಳು. ಮುಟ್ಟಿದರೆ ಕೈ ಸುಡುತ್ತಿತ್ತು. ಮೇಸ್ತ್ರಿ ಈ ಸಲ ದೂರದಿಂದಲೇ ಪಿಸ್ತೂಲು ಹಿಡಿದ. ಕೆಂಪು ದೀಪ. ಮೂಗಿಗೆ ಕರವಸ್ತ್ರ ಹಿಡಿದುಕೊಂಡ.

"ಇದು ನಿಜ್ವಾದ ಜ್ವರ. ಅಂಟುಜಾಡ್ಯ ಇದ್ದಂಗದೆ. ತಿನ್ನೋ ಪದಾರ್ಥ ಇರೋ ಜಾಗ, ಹೊರಗಾಕ್ರೋ ಇವಳ್ನ!"

"ಆಸ್ಪತ್ರೆಗಣ್ಣಾ? ಕಾರ್ಡು ಕೊಡಿ, ನಾನೂ ಹೋಗ್ತೀನಿ," ಅಂದೆ.

"ನಿಂಗೂ ಜ್ವರ ಅದಾ? ಇಲ್ಲ ತಾನೇ? ಮೇಜಿಗೆ ಹೋಗು. ಕಾರ್ಡ್ ವಿಚಾರ ಧಣಿ ಬಂದ್ಮೇಲೆ."

ಗೇಟು ತೆರೆಯಿತು. ಕಾನೂನು ಮಾತು ತಪ್ಪಲಿಲ್ಲ. ಇಬ್ಬರು ಗಂಡಾಳುಗಳು ಲವಿಯನ್ನು ಎತ್ತಿ, ರಸ್ತೆ ಬದಿಯಲ್ಲಿ ಒಡೆದ ಬುಟ್ಟಿಗಳ ರಾಶಿಯ ಪಕ್ಕ ಬಿಸಿಲಿಗೆ ಮಲಗಿಸಿ ಬಂದರು. ಗೇಟು ಮುಚ್ಚಿತು. ಕಂಬಿಯ ಸಂದಿಯಿಂದ ನೋಡಿದೆ. ಬಾಡಿಗೆ ಬೈಕಿನವನೊಬ್ಬ ನಿಲ್ಲಿಸಿದ, ಅವಳ ಕೈ ಕಂಡ, ಬೈಕು ಓಡಿಸಿಕೊಂಡು ಹೊರಟೇಹೋದ. ಲವಿಯ ತುಟಿ ಅಲುಗುತ್ತಿತ್ತು. ನೊಣ ಓಡಿಸುವುದಕ್ಕೂ ಅವಳಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಸುಲಿದ ಸೀಗಡಿ ಒಯ್ಯುವ ತಂಪು ವ್ಯಾನು ಬಂತು. ಸೀಗಡಿಗೆ ಬಿಸಿಲು ತಾಗಬಾರದಲ್ಲ, ಗೇಟು ಅಗಲವಾಗಿ ತೆರೆದುಕೊಂಡಿತು.

ಯಾರು ಮೊದಲು ಎದ್ದರು ಎಂದು ಕೇಳಿದರೆ ಹೇಳಲಾರೆ. ನಾನು ಓಡುವಾಗ ಪಕ್ಕದಲ್ಲಿ ಪಕಾವ್ ಇದ್ದಳು, ಹಿಂದೆ ನಮ್ಮ ಸಾಲು ಪೂರ್ತಿ ಇತ್ತು. ಲವಿಯನ್ನು ಎತ್ತಿಕೊಂಡು ಒಳಗೆ ಬಂದೆವು. ಮೇಸ್ತ್ರಿ ಅಡ್ಡ ನಿಂತ. ಪಕಾವ್ ಲವಿಯ ಊದಿದ ಕೈಯನ್ನು ಅವನ ಮೂತಿಯ ಮುಂದೆ ಹಿಡಿದಳು. "ಅಂಟುಜಾಡ್ಯ ಕಣಪ್ಪಾ, ಮುಟ್ಟು ಬಾ!" ಎಂದಳು. ಅವನು ಹಾರಿ ಹಿಂದೆ ಸರಿದ.

ನಾಲ್ಕನೇ ಮೇಜಿನ ಮೇಲೆ ಸುಲಿದ ಸೀಗಡಿ ಮಂಜಿನೊಳಗೆ ಬೆಳ್ಳಗೆ ಹರಡಿಕೊಂಡಿತ್ತು. ಅದರ ನಟ್ಟನಡುವೆ ಲವಿಯನ್ನು ಮಲಗಿಸಿದೆವು.

ಧಣಿಯಮ್ಮ ಒಳಗಿನಿಂದ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದಳು. ಲವಿ ಕುಸಿದಾಗ ಬಂದಿರಲಿಲ್ಲ, ಹೊರಗೆ ಹಾಕಿದಾಗಲೂ ಬಂದಿರಲಿಲ್ಲ.

"ಅಯ್ಯಯ್ಯೋ, ಸೀಗಡಿ! ಅಷ್ಟೂ ಹಾಳಾಯ್ತು! ಎತ್ರೇ ಅವಳ್ನ, ನಿಮಗೆ ಕೈಮುಗಿತೀನಿ ಎತ್ರೇ!"

"ವ್ಯಾನಲ್ಲಿ ಎತ್ತಾಕ್ಕಂಡು ಆಸ್ಪತ್ರೆಗೆ ಹೋಗ್ತೀವಿ. ನನ್ ಕಾರ್ಡು, ಅವಳ್ ಕಾರ್ಡು ಕೊಡಿ," ಅಂದೆ.

"ಆ ವ್ಯಾನು ಮಾಲಿಗೆ ಕಣೇ! ಅದ್ರಲ್ಲಿ ಮನುಷ್ಯರ್ನ ಹಾಕಂಗಿಲ್ಲ!"

"ಹಂಗಾದ್ರೆ ಇಲ್ಲೇ ಇರ್ಲಿ."

ಪಕಾವ್ ಮೂರನೇ ಮೇಜಿನ ಮಂಜನ್ನು ಬೊಗಸೆಯಲ್ಲಿ ತೆಗೆದು ಲವಿಯ ಹಣೆಗೆ, ಕತ್ತಿಗೆ, ಕಂಕುಳಿಗೆ ಇಟ್ಟಳು. ಆ ಮೇಜಿನ ಸೀಗಡಿ ಮಂಜಿಲ್ಲದೆ ಬರಿ ತಗಡಿನ ಮೇಲೆ ಉಳಿಯಿತು. ಇನ್ನೊಬ್ಬಳು ಎರಡನೇ ಮೇಜಿಗೆ ಕೈ ಹಾಕಿದಳು.

ವ್ಯಾನಿನ ಚಾಲಕ ಎಂಜಿನ್ ಚಾಲೂ ಇಟ್ಟುಕೊಂಡೇ ಬೀಡಿ ಹಚ್ಚಿದ. ಮೇಸ್ತ್ರಿ ಧಣಿಗೆ ಫೋನು ಮಾಡುತ್ತಿದ್ದ, ಧಣಿ ಎತ್ತುತ್ತಿರಲಿಲ್ಲ. ನಾವು ಮೇಜಿನ ಸುತ್ತ ಒತ್ತಾಗಿ ನಿಂತೆವು. ಲವಿಯ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮಂಜಿಲ್ಲದೆ ಈ ಸೆಕೆಗೆ ಸೀಗಡಿ ನಾರುವುದಕ್ಕೆ ಎಷ್ಟು ಹೊತ್ತು ಬೇಕೆಂದು ನಮಗೂ ಗೊತ್ತಿತ್ತು, ಧಣಿಯಮ್ಮನಿಗೂ ಗೊತ್ತಿತ್ತು.